ಕ್ರಷರ್ ಕೇರಿಯ ಶುದ್ಧ ಗಾಳಿ

ಹೊನ್ನಾವರದ ಹತ್ತಿರ ಜಲ್ಲಿ ಕ್ರಷರಿನ ಬುಡದಲ್ಲೇ ಒಂದು ಕೇರಿ. ಅಲ್ಲಿಯ ಧೂಳು ಅಳೆಯಲು ಸರ್ಕಾರಿ ಜೀಪಿನಲ್ಲಿ ಯಂತ್ರ ಹೇರಿಕೊಂಡು ಹೋಗಿದ್ದೆವು. ಹೇಳದೆ ಕೇಳದೆ ಹೋಗುವುದು ಮರ್ಯಾದೆಯಲ್ಲವೆಂದು ನಮ್ಮ ಸಾಹೇಬರು ಹಿಂದಿನ ದಿನವೇ ಕ್ರಷರ್ ಮಾಲೀಕರಿಗೆ ಫೋನ್ ಮಾಡಿದ್ದರು. ಅವರೂ ಮರ್ಯಾದಸ್ಥರೇ. ಕ್ರಷರ್ ನಿಲ್ಲಿಸಿ, ರಸ್ತೆಗೆಲ್ಲ ಟ್ಯಾಂಕರಿನಿಂದ ನೀರು ಹೊಡೆಸಿದ್ದರು. ಯಂತ್ರ ಇಡಲು ಜಾಗ ಕೊಟ್ಟ ಗಿರಿಜಕ್ಕನಂತೂ ನೆಂಟರು ಬರುತ್ತಾರೆಂಬಂತೆ ಅಂಗಳಕ್ಕೆ ಸಗಣಿ ಸಾರಿಸಿಟ್ಟಿದ್ದರು.

ಯಂತ್ರ ಸಂಜೆಯವರೆಗೆ ಗುಂಯ್‌ಗುಟ್ಟಿತು. ಅಷ್ಟು ಹೊತ್ತೂ ನಾವು ಸಮುದ್ರದ ಗಾಳಿ ಬೀಸುವ ಮಾಲೀಕರ ಮನೆಯಲ್ಲಿ ಉಂಡು ವಿಶ್ರಮಿಸಿದೆವು. ಬಂದು ನೋಡಿದರೆ ಧೂಳು ಹಿಡಿಯಬೇಕಾದ ಒಳಗಿನ ಕಾಗದ ಬೆಳ್ಳಗೆ ಹಾಗೇ ಇತ್ತು.

"ಎಂತ ಬಂತು?" ಎಂದರು ಗಿರಿಜಕ್ಕ.

"ನಿಮ್ಮ ಕೇರಿಯ ಗಾಳಿ ಶುದ್ಧವಾಗಿದೆಯಮ್ಮ," ಎಂದರು ಸಾಹೇಬರು.

"ಹೌದು, ಇವತ್ತು ಮೊಮ್ಮಗಳು ಕೆಮ್ಮಲೇ ಇಲ್ಲ. ನೀವು ದಿನಾ ಬನ್ನಿ ಸಾಹೇಬ್ರೆ. ಮಿಷಿನ್ ತರದಿದ್ರೂ ಅಡ್ಡಿಲ್ಲ."

ಸಾಹೇಬರು ಯಂತ್ರ ಹೇರಿಸಿ ಜೀಪು ಹತ್ತಿದರು. ಕೇರಿ ದಾಟುವ ಮೊದಲೇ ಹಿಂದೆ ಕ್ರಷರ್ ಶುರುವಾಯಿತು. ಬಿಳಿ ಧೂಳು ಜೀಪಿನೊಳಗೂ ನುಗ್ಗಿದಾಗ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ನನ್ನತ್ತ ತಿರುಗಿದರು.

"ಬೇಗ ಯಂತ್ರಕ್ಕೆ ಬಟ್ಟೆ ಮುಚ್ಚಿ. ಧೂಳು ಹೊಕ್ಕರೆ ಕೆಟ್ಟುಹೋಗುತ್ತದೆ."

ಮುಚ್ಚಿದೆ. ಸರ್ಕಾರದ್ದಲ್ಲವೇ, ಕೆಟ್ಟರೆ ಮೇಲಿನವರು ಕೇಳುತ್ತಾರೆ.