ಕಪ್ಪೆಗೊಂದು ರಾಡು, ಮೀನಿಗೊಂದು ರಾಡು

ನನ್ನ ಗಂಡನಿಗೆ ಭಾನುವಾರ ಅಂದರೆ ಕೆರೆ. ಜಿಗಣಿಯಿಂದ ಆನೇಕಲ್ ಕಡೆ ಹೋಗುವಾಗ ಕಾರ್ಖಾನೆಗಳ ಗೋಡೆ ಮುಗಿದು ರಾಗಿ ಹೊಲ ಶುರುವಾಗುವಲ್ಲಿ ಒಂದು ಕೆರೆ ಇದೆ. ಬೆಳಿಗ್ಗೆ ತಿಂಡಿ ಕಟ್ಟಿಕೊಂಡು ಇಬ್ಬರೂ ಸ್ಕೂಟರಿನಲ್ಲಿ ಹೊರಡುತ್ತಿದ್ದೆವು. ಅವರ ಎರಡು ಮೀನು ಹಿಡಿಯುವ ರಾಡುಗಳನ್ನು ಹಿಂದೆ ಕೂತ ನಾನು ನೆಟ್ಟಗೆ ಹಿಡಿದುಕೊಳ್ಳಬೇಕು. ಸಿಗ್ನಲ್ಲಿನಲ್ಲಿ ಜನ ತಿರುಗಿ ನೋಡುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಒಳಗೊಳಗೆ ಖುಷಿಯೂ ಆಗುತ್ತಿತ್ತು.

ಎರೆಹುಳ ಚುಚ್ಚಿ ಗಾಳ ಬಿಟ್ಟು ಕೂರುವ ಜಾತಿ ಅಲ್ಲ ಅವರು. ಪ್ಲಾಸ್ಟಿಕ್ಕಿನ ಪುಟ್ಟ ಮೀನು, ರಬ್ಬರಿನ ಕಪ್ಪೆ, ರಬ್ಬರಿನ ಹುಳ, ಇಂಥವನ್ನು ದಾರಕ್ಕೆ ಕಟ್ಟಿ ದೂರ ಎಸೆದು, ಜೀವ ಇರುವ ಹಾಗೆ ಆಡಿಸುತ್ತಾ ಎಳೆದುಕೊಳ್ಳುತ್ತಿದ್ದರು. ಅವಕ್ಕೆ ನಮ್ಮ ಮನೆಯಲ್ಲಿ ‘ಬೊಂಬೆ’ ಎಂದೇ ಹೆಸರು. ಡಬ್ಬಿಗಳ ಮೇಲೆಲ್ಲ ಬಾಸ್ ಅನ್ನುವ ಫಾರಿನ್ ಮೀನಿನ ಚಿತ್ರ ಇರುತ್ತಿತ್ತು. ನಮ್ಮ ಕೆರೆಗೆ ಅದು ಎಲ್ಲಿಂದ ಬರಬೇಕು? ಇಲ್ಲಿರುವುದು ಕೊರಮೀನು. ಹಾವಿನಂಥ ತಲೆ, ಜೊಂಡಿನ ಸಂದಿಯಲ್ಲಿ ಅಡಗಿಕೊಂಡಿದ್ದು ಕಪ್ಪೆ ಕಂಡರೆ ನೀರು ಒಡೆದುಕೊಂಡು ಮೇಲೆ ಬರುತ್ತದೆ.

ನಾನು ಹೊಂಗೆ ಮರದ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಲೋ ಪೇಪರ್ ಓದುತ್ತಲೋ ಇರುತ್ತಿದ್ದೆ. ಅವರು ಸ್ವಲ್ಪ ಹೊತ್ತಿಗೆ ಒಂದು ರಾಡು ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಮೀನು ಸಿಕ್ಕರೆ ನನ್ನ ಕಡೆ ತಿರುಗಿ ಎತ್ತಿ ತೋರಿಸುತ್ತಿದ್ದರು. ನಾನು ಕೈ ಆಡಿಸುತ್ತಿದ್ದೆ. ಮಕ್ಕಳಿಲ್ಲದ ಮನೆ ನಮ್ಮದು. ಮಾತು ಕಮ್ಮಿಯಾದರೂ ಅದು ಖಾಲಿ ಅನ್ನಿಸಿದ್ದಿಲ್ಲ.

ಯುಗಾದಿ ಕಳೆದ ಮೇಲೆ ಒಂದು ದಿನ ಅವರು ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದರಂತೆ. ನಾನು ಔಷಧ ಕಂಪನಿಯ ಪ್ಯಾಕಿಂಗ್‌ನಲ್ಲಿ ಸೂಪರ್‌ವೈಸರ್. ಟೋಪಿ, ಮಾಸ್ಕು ಹಾಕಿಕೊಂಡು ಒಳಗಿದ್ದವಳನ್ನು ಹೊರಗೆ ಕರೆಸಿ ಹೇಳಿದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವಾರದ ದಿನಗಳು ಹೇಗೋ ಸಾಗುತ್ತಿದ್ದವು. ಕಂಪನಿ ಬಸ್ಸು, ಹುಡುಗಿಯರ ಗಲಾಟೆ, ಟಾರ್ಗೆಟ್ಟು. ಭಾನುವಾರ ಮಾತ್ರ ಮನೆ ಕಚ್ಚಲು ಬರುತ್ತಿತ್ತು. ಫ್ರಿಜ್ಜಿನ ಸದ್ದು ಕೇಳುತ್ತಾ ಮಧ್ಯಾಹ್ನದವರೆಗೂ ಹಾಸಿಗೆಯಲ್ಲೇ ಬಿದ್ದಿರುತ್ತಿದ್ದೆ. ಅಂಥ ಒಂದು ಭಾನುವಾರ ಎದ್ದವಳೇ ಬಾಗಿಲ ಹಿಂದಿದ್ದ ರಾಡುಗಳನ್ನು ಸ್ಕೂಟರಿಗೆ ಹಗ್ಗದಲ್ಲಿ ಬಿಗಿದು ಕೆರೆಗೆ ಹೊರಟೆ. ಹಿಡಿದುಕೊಳ್ಳಲು ಹಿಂದೆ ಯಾರೂ ಇರಲಿಲ್ಲ.

ಕೆರೆ ಏರಿಯ ಮೇಲೆ ಹುಲ್ಲು ಕುಯ್ಯುತ್ತಿದ್ದ ಹೆಂಗಸು ನಮ್ಮನ್ನು ನೋಡಿ ಬಲ್ಲವಳು.

“ಏನಕ್ಕ, ಒಬ್ಳೇ ಬಂದ್ಬುಟ್ಟಿದ್ದೀಯ? ಯಜಮಾನ್ರು ಎಲ್ಲಿ?”

“ಊರಿಗೆ ಹೋಗಿದಾರೆ,” ಅಂದೆ. ಬಾಯಿಗೆ ಬಂದದ್ದು ಅದೇ.

“ಅಂಗಾದ್ರೆ ನೀನೇ ಮೀನು ಇಡಿ ಇವತ್ತು,” ಎಂದು ನಕ್ಕು ಹೊರೆ ಹೊತ್ತುಕೊಂಡು ಹೋದಳು.

ನೋಡಿ ನೋಡಿ ಎಸೆಯುವುದು ಅಷ್ಟಿಷ್ಟು ಬಂತು. ಮೀನು ಮಾತ್ರ ಗಾಳದಲ್ಲಿ ನಿಲ್ಲಲಿಲ್ಲ. ಕೈಗೆ ಸಿಕ್ಕ ರಾಡಿಗೆ ಕಪ್ಪೆ ಕಟ್ಟಿ ಜೊಂಡಿನ ಮೇಲೆ ಎಸೆದೆ. ದಬಕ್ಕೆಂದು ನೀರು ಹಾರಿತು. ಎಳೆದರೆ ರಾಡು ಬಳುಕಿತು ಅಷ್ಟೆ, ಬರೀ ಕಪ್ಪೆ ವಾಪಸ್ ಬಂತು. ಇನ್ನೊಂದು ರಾಡಿಗೆ ಪ್ಲಾಸ್ಟಿಕ್ ಮೀನು ಕಟ್ಟಿ ತಿಳಿನೀರಿಗೆ ಎಸೆದೆ. ಏನೋ ಕಚ್ಚಿತು, ಒಂದು ಜಗ್ಗಾಟ, ಆಮೇಲೆ ಕಿತ್ತುಕೊಂಡು ಹೋಯಿತು. ಆ ದಿನವೂ ಅಷ್ಟೇ, ಅದರ ಮುಂದಿನ ಭಾನುವಾರಗಳೂ ಅಷ್ಟೇ. ಗಂಡ ಸತ್ತಾಗ ನೆಂಟರ ಮುಂದೆ ಕೂಡ ಅಷ್ಟು ಅತ್ತಿರಲಿಲ್ಲ. ಒಂದು ಮೀನು ತಪ್ಪಿಸಿಕೊಂಡಿತೆಂದು ಆ ಕೆರೆಯ ದಡದಲ್ಲಿ ಕೂತು ಅತ್ತುಬಿಟ್ಟೆ.

ಅವರ ಫೋನನ್ನು ನಾನು ಚಾರ್ಜ್ ಮಾಡಿ ಇಟ್ಟಿದ್ದೆ. ಅದರಲ್ಲಿ ‘ಗಾಳ ಪೀಣ್ಯ’ ಎಂದು ಒಂದು ನಂಬರ್ ಇತ್ತು. ಅವರ ಹಳೇ ಫ್ಯಾಕ್ಟರಿಯ ಗೆಳೆಯ ಎಂದಷ್ಟೇ ಗೊತ್ತು, ಮುಖ ನೋಡಿರಲಿಲ್ಲ. ಧೈರ್ಯ ತಂದುಕೊಂಡು ಅದೇ ಫೋನಿನಿಂದ ಕರೆ ಮಾಡಿದೆ.

“ಏನ್ ಗುರು! ಎಲ್ಲಿ ಮಾಯ ಆಗ್ಬಿಟ್ಟಿದ್ದೆ? ಮೆಸೇಜ್ ಹಾಕಿದ್ರೆ ನೋಡೋದೂ ಇಲ್ಲ!” ಅಂತ ಆ ಕಡೆಯ ದನಿ ಸಂತೋಷದಲ್ಲಿ ಕೂಗಿತು.

ಯಾರೋ ಅವರನ್ನು ಇನ್ನೂ ಬದುಕಿರುವವರಂತೆ ಕರೆದಿದ್ದರು. ಒಂದು ಗಳಿಗೆ ನನಗೆ ಅದನ್ನು ಕೆಡಿಸಲು ಮನಸ್ಸೇ ಬರಲಿಲ್ಲ.

“ನಾನು ಅವರ ಹೆಂಡತಿ ಮಾತಾಡ್ತಿರೋದು,” ಅಂದೆ.

“ಓ, ಸಾರಿ ಅಕ್ಕ. ಅಣ್ಣ ಇದಾರಾ?”

“ಇಲ್ಲ. ಹೋಗ್ಬಿಟ್ರು. ಹಾರ್ಟ್ ಅಟ್ಯಾಕ್.”

ಆ ಕಡೆ ಲಾರಿಗಳ ಹಾರನ್ ಮಾತ್ರ ಕೇಳುತ್ತಿತ್ತು. “ನನಗೆ ಯಾರೂ ಹೇಳ್ಲೇ ಇಲ್ವಲ್ಲಕ್ಕ,” ಎಂದ ಕೊನೆಗೆ. ನಾನು ರಾಡಿನ ವಿಷಯ ಕೇಳಿದೆ. ಮೀನು ಕಚ್ಚುತ್ತೆ, ನಿಲ್ಲಲ್ಲ, ಯಾಕೆ? “ಫೋನಲ್ಲಿ ಹೇಳೋದಲ್ಲ ಅದು. ಈ ಭಾನುವಾರ ಬರ್ತೀನಿ ಬಿಡಿ,” ಅಂದ.

ಪೀಣ್ಯದಾಚೆಯ ಮಾದನಾಯಕನಹಳ್ಳಿಯಿಂದ ಬೈಕಿನಲ್ಲಿ ಕೆರೆಗೇ ಬಂದ. ಊರಿನ ಆ ತುದಿಯಿಂದ ಈ ತುದಿಗೆ. ನಲವತ್ತರ ಆಸುಪಾಸಿನವನು, ಬಂದವನೇ ನನ್ನ ಮುಖ ನೋಡದೆ ರಾಡುಗಳನ್ನೂ ಅವಕ್ಕೆ ನಾನು ಕಟ್ಟಿದ್ದ ಬೊಂಬೆಗಳನ್ನೂ ನೋಡಿದ. ಒಂದು ರಾಡಿನ ಬೊಂಬೆ ಬಿಚ್ಚಿ ದಾರವನ್ನು ನನ್ನ ಊಟದ ಬ್ಯಾಗಿಗೆ ಕಟ್ಟಿದ.

“ಎತ್ತಿ ಅಕ್ಕ, ನಿಧಾನಕ್ಕೆ. ಎಲ್ಲಿ ಬಗ್ತಾ ಇದೆ ನೋಡಿ.”

ಎತ್ತಿದೆ. ತುದಿ ಮಾತ್ರ ಬಗ್ಗಿತು, ಕೆಳಗೆಲ್ಲ ಸಲಾಕೆಯ ಹಾಗೆ ಬಿಗಿ. ಬ್ಯಾಗು ತಕ್ಷಣ ಮೇಲೆದ್ದಿತು.

“ಇದು ಕಪ್ಪೆಗೆ. ಕಪ್ಪೆಯ ಗಾಳ ದಪ್ಪ, ಕೊರಮೀನಿನ ಬಾಯಿ ಮೂಳೆ. ಬಿಗಿ ರಾಡಲ್ಲಿ ಜಗ್ಗಿದ್ರೇ ಅದು ಇಳಿಯೋದು. ಆಮೇಲೆ ಜೊಂಡಿನೊಳಗೆ ನುಗ್ಗಕ್ಕೆ ಬಿಡದೆ ಎಳ್ಕೋಬೇಕು.”

ಇನ್ನೊಂದಕ್ಕೆ ಕಟ್ಟಿಕೊಟ್ಟ. ಅದು ತುದಿಯಿಂದ ನಡುವಿನವರೆಗೂ ಬಾಗುತ್ತಾ ಹೋಗಿ, ಆಮೇಲೆ ಬ್ಯಾಗನ್ನು ಮೆಲ್ಲಗೆ ಎತ್ತಿತು.

“ಇದು ಪ್ಲಾಸ್ಟಿಕ್ ಮೀನಿಗೆ. ಅದರ ಹೊಟ್ಟೆ ಕೆಳಗಿರೋ ಮೂರು ಮುಳ್ಳಿನ ಗಾಳ ಸಣ್ಣದು. ಮೀನು ಒದ್ದಾಡಿದಾಗ ರಾಡು ಬಗ್ಗಿ ಕೊಡ್ಬೇಕು. ಬಿಗಿ ರಾಡಾದ್ರೆ ಬಾಯಿ ಹರ್ಕೊಂಡು ಹೋಗುತ್ತೆ. ನೀವು ಉಲ್ಟಾ ಹಾಕಿದ್ದೀರ, ಅಷ್ಟೆ.”

“ರಬ್ಬರ್ ಹುಳ ಇದೆಯಲ್ಲ, ಅದಕ್ಕೆ?”

“ಅದಕ್ಕೂ ಬಿಗೀದೇ. ತುದಿ ಸೂಕ್ಷ್ಮ, ಮುಟ್ಟಿದ್ರೆ ಕೈಗೆ ಗೊತ್ತಾಗುತ್ತೆ. ಆದ್ರೆ ಕಪ್ಪೆ ಹಾಕಿದಾಗ ನೀರು ಹಾರಿದ ತಕ್ಷಣ ಜಗ್ಬೇಡಿ. ಭಾರ ಕೈಗೆ ಬರೋವರೆಗೂ ತಡೀರಿ. ಇದೆಲ್ಲ ನನಗೆ ಅಣ್ಣನೇ ಹೇಳ್ಕೊಟ್ಟಿದ್ದು.”

ನನಗೆ ಹೇಳದಿದ್ದದ್ದನ್ನು ಅವರು ಇವನಿಗೆ ಇಷ್ಟು ವಿವರವಾಗಿ ಹೇಳಿದ್ದರು. ಹೊಟ್ಟೆಕಿಚ್ಚಾಯಿತೆಂದರೆ ಸುಳ್ಳಲ್ಲ. ಕೇಳಿದ್ದರೆ ನನಗೂ ಹೇಳುತ್ತಿದ್ದರೇನೋ. ನಾವಿಬ್ಬರೂ ಅಕ್ಕಪಕ್ಕ ಇರುವುದೇ ಸಾಕು ಅಂದುಕೊಂಡಿದ್ದವರು.

ಅವತ್ತು ಬಿಸಿಲು ಜಾಸ್ತಿಯಾಗಿ ಏನೂ ಕಚ್ಚಲಿಲ್ಲ. ತಂದಿದ್ದ ಚಿತ್ರಾನ್ನ ಹಂಚಿಕೊಂಡು ತಿಂದೆವು. “ಮತ್ತೆ ಬರ್ತೀನಿ ಅಕ್ಕ,” ಅಂತ ಹೇಳಿ ಹೋದ. ಅವನಿಗೆ ಭಾನುವಾರವೂ ಓವರ್‌ಟೈಮು, ಎರಡು ಸಣ್ಣ ಮಕ್ಕಳು. ಬರಲಿಲ್ಲ. ಬರಲೇಬೇಕೆಂದು ನಾನೂ ಕಾಯಲಿಲ್ಲ.

ಮಳೆ ಬಿದ್ದು ಕೆರೆಗೆ ಹೊಸ ನೀರು ಬಂದ ಮೇಲೆ ಒಂದು ಬೆಳಿಗ್ಗೆ ಬಿಗಿ ರಾಡಿಗೆ ಕಪ್ಪೆ ಕಟ್ಟಿ ತಾವರೆ ಎಲೆಗಳ ಮೇಲೆ ಕುಣಿಸಿಕೊಂಡು ಬರುತ್ತಿದ್ದೆ. ನೀರು ಒಡೆಯಿತು, ಕಪ್ಪೆ ಕಾಣೆಯಾಯಿತು. ಕೈ ಜಗ್ಗು ಅಂತಿತ್ತು, ತಡೆದೆ. ದಾರ ಬಿಗಿಯಾಗಿ ಭಾರ ತೋಳಿಗೆ ಬಂದಾಗ ಎರಡೂ ಕೈಯಲ್ಲಿ ರಾಡು ಎತ್ತಿ ಜಗ್ಗಿದೆ. ರಾಡು ಸೋಲಲಿಲ್ಲ. ಎಲೆ, ಜೊಂಡು, ಕೆಸರಿನ ಸಮೇತ ಕೊರಮೀನು ದಡಕ್ಕೆ ಬಂದು ಬಿತ್ತು. ನನ್ನ ಮೊಣಕೈಯುದ್ದ ಇತ್ತು.

ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ತಿರುಗಿದೆ. ತಿರುಗಿದ ಮೇಲೆ ಗೊತ್ತಾಯಿತು, ಮರದ ಕೆಳಗೆ ಯಾರಿದ್ದಾರೆ ತೋರಿಸಲು? ಹಾಗೇ ಸ್ವಲ್ಪ ಹೊತ್ತು ನಿಂತೆ. ಮೀನು ಕೈಯಲ್ಲಿ ಉಸಿರಾಡುತ್ತಿತ್ತು. ಬಿಟ್ಟುಬಿಡೋಣ ಅನ್ನಿಸಿತು. ಬಿಡಲಿಲ್ಲ, ಹಸಿವಾಗಿತ್ತು.

ಮನೆಗೆ ಬಂದು ಮೆಣಸು, ಹುಣಸೆಹುಳಿ ಹಾಕಿ ಸಾರು ಮಾಡಿದೆ. ಒಬ್ಬಳಿಗೆ ತುಂಬಾ ಜಾಸ್ತಿಯಾಯಿತು. ಎದುರು ರೂಮಿನಲ್ಲಿ ಕಲಬುರಗಿ ಕಡೆಯ ಹುಡುಗಿಯರಿದ್ದಾರೆ, ಗಾರ್ಮೆಂಟ್ಸಿಗೆ ಹೋಗುವವರು. ಒಂದು ಬಟ್ಟಲು ತೆಗೆದುಕೊಂಡು ಹೋಗಿ ಬಾಗಿಲು ತಟ್ಟಿದೆ. “ನಾವ್ ತಿನ್ನೂದಿಲ್ರೀ ಅಕ್ಕ,” ಅಂದವು, ಪಾಪ, ಸಂಕೋಚದಿಂದ. ವಾಪಸ್ ಬಂದು ಅನ್ನ ಬಡಿಸಿಕೊಂಡು, ಮುಳ್ಳು ನೋಡಿಕೊಂಡು ನಿಧಾನವಾಗಿ ಉಂಡೆ. ಸಾರು ಚೆನ್ನಾಗಿತ್ತು. ಉಳಿದದ್ದನ್ನು ಮಾರನೆಯ ದಿನ ಡಬ್ಬಿಗೆ ಹಾಕಿಕೊಂಡು ಕಂಪನಿಗೆ ಒಯ್ದೆ.