ಒಂದೇ ಬಟ್ಟಲಿನ ಮರುವಾಯಿ

ಖಿಮ್‌ಹುಯೆಯ ಗಂಡ ಮರುವಾಯಿ ಚಿಪ್ಪುಮೀನು ತಿಂದು ಸತ್ತ. ಅದೇ ಬಟ್ಟಲಿಂದ ಅವಳೂ ತಿಂದಿದ್ದಳು, ಅವಳಿಗೆ ಒಂದು ತಲೆನೋವೂ ಬರಲಿಲ್ಲ. ನಮ್ಮೂರಿಗೆ ಅಷ್ಟೇ ಸಾಕಾಯಿತು. ಹೆಣ ಇನ್ನೂ ಮನೆಯಲ್ಲಿರುವಾಗಲೇ ಅವಳ ಅತ್ತೆ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗಿದಳು: "ಗಂಡನ್ನ ತಿಂದ್ಕೊಂಡೋಳು! ನೋಡ್ರೇ ಇವಳ ಮುಖಾನ, ಹೇಗೆ ಗುಂಡುಕಲ್ಲಿನ ಹಾಗಿದಾಳೆ!"

ಎದುರು ಮನೆಯವಳು ನಾನು. ಆ ಮಾತನ್ನು ಕಿವಿಯಾರೆ ಕೇಳಿದೆ. ಖಿಮ್‌ಹುಯೆಗೆ ಆಗ ಇಪ್ಪತ್ತೆರಡು, ಮಗಳು ಸೋಕ್‌ಲೆಂಗ್ ಇನ್ನೂ ಹೊಟ್ಟೆಯಲ್ಲಿದ್ದಳು.

ನಮ್ಮ ಕಡಲಂಚಿನಲ್ಲಿ ಹೊಸ ವರ್ಷದ ಹಿಂದಿನ ಸಂಜೆ ಮರುವಾಯಿ ಇಲ್ಲದೆ ಊಟವಿಲ್ಲ. ಚಿಪ್ಪಿನ ಮೇಲೆ ಕುದಿನೀರು ಸುರಿದು ಕೂಡಲೇ ಬಸಿದುಬಿಡಬೇಕು. ಬಿಡಿಸಿದಾಗ ಕೆಂಪು ರಸ ಬೆರಳ ಸಂದಿಯಲ್ಲಿ ಇಳಿಯಬೇಕು. ಉಂಡಾದ ಮೇಲೆ ಚಿಪ್ಪುಗಳನ್ನು ಮಂಚದಡಿ ಹಾಕಿಟ್ಟರೆ ವರ್ಷವಿಡೀ ಮನೆಗೆ ಸಿರಿ. ಮದುವೆಯಾದ ಮೊದಲ ವರ್ಷ ಖಿಮ್‌ಹುಯೆ ಪಾಪ, ಚಿಪ್ಪು ಬಾಯಿ ಬಿಡುವ ತನಕ ಕುದಿಸಿದ್ದಳು. "ಏನೇ ಇದು, ಹಳೇ ಚಪ್ಪಲಿ ಬೇಯ್ಸಿದೀಯಾ? ನಿಮ್ಮಮ್ಮ ಇಷ್ಟೂ ಕಲಿಸ್ಲಿಲ್ವಾ?" ಎಂದು ಅತ್ತೆ ಬಟ್ಟಲನ್ನೇ ಆಚೆ ತಳ್ಳಿದಳು. ಮರುವರ್ಷ ಇವಳು ನೀರು ಸುರಿದದ್ದೇ ತಡ, ಬಸಿದಳು. ಎಲ್ಲರೂ ಬಾಯಿ ಚಪ್ಪರಿಸಿದರು. ತಿಂಗಳಾಗುವಷ್ಟರಲ್ಲಿ ಗಂಡ ಬುನ್‌ಸೇಂಗನ ಕಣ್ಣು ಅರಿಸಿನವಾಯಿತು. ಕಾಮಾಲೆ ಸಾವಿರದಲ್ಲಿ ಒಬ್ಬರಿಗೆ ಹಾಗೆ ಕೈಮೀರುತ್ತದಂತೆ. ಆ ಒಬ್ಬ ಇವನಾದ.

ಊರು ಅಂದದ್ದಕ್ಕಿಂತ ಘೋರವೆಂದರೆ ಅವಳೇ ಅದನ್ನು ನಂಬಿದ್ದು. ಸಾಸಿವೆ ಸೊಪ್ಪಿಗೆ ಉಪ್ಪು ಹಾಕಿಡುವ ಕೆಲಸಕ್ಕೆ ಹೋಗಿ ಮಗಳನ್ನು ಸಾಕಿದಳು. ಶುಭದ ಕೆಂಪು ಬಟ್ಟೆ ಮುಟ್ಟಲಿಲ್ಲ. ಹಬ್ಬದ ದಿನ ಎಲ್ಲರ ಊಟ ಮುಗಿದ ಮೇಲೆ ಒಲೆಯ ಪಕ್ಕ ಕೂತು ಗಂಜಿ ಕುಡಿದಳು. "ನಿಂಗೇನು ತಲೆ ಕೆಟ್ಟಿದ್ಯಾ?" ಎಂದು ನಾನು ಬೈದರೆ, "ಊರೆಲ್ಲಾ ಸುಳ್ಳು ಹೇಳತ್ತೇನಕ್ಕಾ?" ಅನ್ನುವಳು.

ಸೋಕ್‌ಲೆಂಗ್ ಶಾಲೆಗೆ ಸೇರಿದ ವರ್ಷ ಆರೋಗ್ಯದವರು ಕಾಮಾಲೆಗೆಂದು ಸೂಜಿ ತಂದರು. ಆ ಸೂಜಿ ಹಾಕಿಸಿಕೊಂಡ ಹೆಣ್ಣುಮಕ್ಕಳಿಗೆ ಬಸಿರು ನಿಲ್ಲುವುದಿಲ್ಲವೆಂದು ಯಾರೋ ಪುಕಾರು ಹಬ್ಬಿಸಿದರು. ಊರು ಮಕ್ಕಳನ್ನು ದೋಣಿಗಳಲ್ಲಿ ಬಚ್ಚಿಟ್ಟಿತು. ಖಿಮ್‌ಹುಯೆ ಮಾತ್ರ ಮಗಳನ್ನು ದರದರ ಎಳೆದುಕೊಂಡು ಹೋದಳು. ಹುಡುಗಿ ನರ್ಸಮ್ಮನ ಕೈ ಕಚ್ಚಿತು. "ನನ್ನ ದೋಷ ಇವಳಿಗೂ ತಟ್ಟತ್ತೆ ಅಂತ ಭಯ ನಂಗೆ. ಈ ಸೂಜಿಯಾದ್ರೂ ಅಡ್ಡ ನಿಲ್ಲಲಿ" ಅಂದಳು ನನ್ನ ಹತ್ತಿರ. ಆಮೇಲೆ ಆ ಸೂಜಿಯನ್ನು ಎಲ್ಲರೂ ಮರೆತರು, ಅವಳೂ ಮರೆತಳು.

ಈ ವರ್ಷ ಸೋಕ್‌ಲೆಂಗಳ ಗಂಡನ ಮನೆಯಲ್ಲಿ ಹಬ್ಬದ ಊಟವಾಯಿತು, ಮರುವಾಯಿಯನ್ನು ಬಸಿದವಳು ಅವಳೇ. ತಿಂಗಳು ತಿರುಗುವುದರೊಳಗೆ ಅಳಿಯ ಹಾಕ್‌ಗುವಾನ್ ಹಳದಿಯಾಗಿ ಆಸ್ಪತ್ರೆ ಸೇರಿದ. ಸೋಕ್‌ಲೆಂಗ್ ಮಾತ್ರ ಗಟ್ಟಿಮುಟ್ಟಾಗಿದ್ದಳು. ಅದೇ ಕಥೆ, ಚಾಚೂ ತಪ್ಪದೆ!

ನಾನೂ ಖಿಮ್‌ಹುಯೆಯೂ ಹೋದಾಗ ಬೀಗಿತ್ತಿ ವಾರ್ಡಿನ ಹೊರಗೆ ಕೂಗಾಡುತ್ತಿದ್ದಳು. "ತಾಯಿಯಂತೆ ಮಗಳು ಅಂತ ಸುಮ್ನೆ ಹೇಳ್ತಾರಾ? ನನ್ನ ಮಗ ಉಳಿದ್ರೂ ಸರಿ, ಹೋದ್ರೂ ಸರಿ, ಇವಳು ಇನ್ನು ನಮ್ಮ ಹೊಸಿಲು ತುಳೀಬಾರ್ದು!"

ಸೋಕ್‌ಲೆಂಗ್ ಗೋಡೆಗೆ ಒರಗಿ ನಿಂತಿದ್ದಳು. ಖಿಮ್‌ಹುಯೆ ಎಲ್ಲರೆದುರು ಬೀಗಿತ್ತಿಯ ಕಾಲಿಗೆ ಬಿದ್ದಳು. "ದೋಷ ನಂದು ಬೀಗಿತ್ತಿ, ಅವಳದ್ದಲ್ಲ. ನಾನಿನ್ನು ಅವಳ ಮುಖಾನೂ ನೋಡಲ್ಲ. ಅವಳನ್ನ ಹೊರಗೆ ಹಾಕ್ಬೇಡಿ."

ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದಳು, ಮನೆಯವರೆಲ್ಲರ ರಕ್ತ ಪರೀಕ್ಷೆಯಾಗಿತ್ತು. "ಹುಡುಗ ಗಂಡಾಂತರದಿಂದ ಪಾರಾದ. ಸೊಸೆಗೆ ಕಾಮಾಲೆ ಬಂದೇ ಇಲ್ಲ, ರಕ್ಷಣೆ ಇದೆ. ಚಿಕ್ಕಂದಲ್ಲಿ ಲಸಿಕೆ ಹಾಕ್ಸಿದ್ರಾ?"

ಖಿಮ್‌ಹುಯೆ ನೆಲದಿಂದಲೇ ತಲೆಯೆತ್ತಿದಳು. "ಒಂದು ಸೂಜಿ... ಇಪ್ಪತ್ತು ವರ್ಷ ದಾಟ್ತು ತಾಯಿ. ಔಷಧಿ ಅಷ್ಟು ಕಾಲ ಉಳಿಯತ್ತಾ?"

"ಔಷಧಿ ಉಳಿಯಲ್ಲ ಅಮ್ಮಾ, ಮೈಗೆ ನೆನಪು ಉಳಿಯತ್ತೆ. ಒಂದ್ಸಲ ಕಳ್ಳನ ಮುಖ ತೋರ್ಸಿದ್ರೆ ಸಾಕು, ಅವನು ಯಾವತ್ತು ಬಂದ್ರೂ ಮೈ ಗುರುತು ಹಿಡಿಯತ್ತೆ."

ನನಗೆ ತಡೆಯಲಾಗಲಿಲ್ಲ. "ಬೀಗಿತ್ತಿ, ನೀವೂ ಅದೇ ಬಟ್ಟಲಲ್ಲಿ ತಿಂದ್ರಲ್ಲ? ನಿಮ್ಮ ಕಣ್ಣೂ ಬೆಳ್ಳಗೇ ಇದೆ. ಹಾಗಾದ್ರೆ ನೀವು ಯಾರನ್ನ ತಿಂದ್ಕೊಂಡ್ರಿ?"

ಬೀಗಿತ್ತಿ ಡಾಕ್ಟರಮ್ಮನ ಕಡೆ ತಿರುಗಿದಳು.

"ಅವರಿಗೂ ರಕ್ಷಣೆ ಇದೆ" ಅಂದಳು ಡಾಕ್ಟರಮ್ಮ. "ಚಿಕ್ಕವರಿದ್ದಾಗ ಈ ಕಾಮಾಲೆ ಬಂದು ಹೋಗಿರ್ಬೇಕು. ಆ ಕಾಲದ ನೀರಲ್ಲಿ ಬೆಳೆದ ಸುಮಾರು ಜನಕ್ಕೆ ಬಂದಿರತ್ತೆ. ಒಮ್ಮೆ ಬಂದೋರಿಗೆ ಮತ್ತೆ ಬರಲ್ಲ."

"ಬಂದಿತ್ತು," ಬೀಗಿತ್ತಿ ಗೊಣಗಿದಳು. "ಹಲ್ಲು ಬೀಳೋ ವಯಸ್ಸಲ್ಲಿ." ಆಮೇಲೆ ಬಗ್ಗಿ, ತಾನೇ ಖಿಮ್‌ಹುಯೆಯ ತೋಳು ಹಿಡಿದು ಎಬ್ಬಿಸಿದಳು.

ಖಿಮ್‌ಹುಯೆಗೆ ಅದರ ಪರಿವೆಯೇ ಇರಲಿಲ್ಲ. ಡಾಕ್ಟರಮ್ಮನ ತೋಳಿನ ಬಟ್ಟೆ ಹಿಡಿದುಕೊಂಡಳು. "ನಂಗೂ ಬಂದಿತ್ತು. ತೌರಲ್ಲಿದ್ದಾಗ. ಅಜ್ಜಿ ನನ್ನನ್ನ ದೋಣಿ ಕೊಟ್ಟಿಗೇಲಿ ಬೇರೆ ಮಲಗಿಸಿದ್ಲು. ಹಾಗಾದ್ರೆ ಆವತ್ತು ಒಂದೇ ಬಟ್ಟಲಿನ ಮರುವಾಯಿ ತಿಂದು ನಮ್ಮನೆಯೋರು ಮಾತ್ರ ಹೋಗಿದ್ದು..."

"ನಿಮಗೆ ಮೊದಲೇ ರಕ್ಷಣೆ ಇತ್ತು, ಅವರಿಗಿರಲಿಲ್ಲ. ಮರುವಾಯಿ ಬೆಂದಿರ್ಲಿಲ್ಲ. ಅಷ್ಟೇ ಅಮ್ಮಾ."

ಮೂವತ್ತು ವರ್ಷ ಒಲೆಯ ಪಕ್ಕ ಕೂತು ಉಂಡವಳಿಗೆ, ಅಷ್ಟೇ. ನನಗೆ ಸಿಟ್ಟು ಬಂತು. ಬೈಯೋಣವೆಂದರೆ ಅವಳ ಅತ್ತೆ ಎಂದೋ ಮಣ್ಣು ಸೇರಿದ್ದಳು.

ಖಿಮ್‌ಹುಯೆ ಅಳಲಿಲ್ಲ. ಬೆಂಚಿನ ಮೇಲೆ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಆವತ್ತು ಅತ್ತೇನೂ ತಿಂದಿದ್ರು ಅಕ್ಕಾ," ಅಂದಳು. "ಚೆನ್ನಾಗಿದೆ ಅಂತ ಇನ್ನೊಂದ್ಸಲ ಹಾಕಿಸ್ಕೊಂಡ್ರು."