ಆದಾಮನ ಪಕ್ಕೆಲುಬು ಎಣಿಸಿದ ಆದಿತ್ಯವಾರ

ನಾನು ಚಿಕ್ಕವಳಿದ್ದಾಗ ಎಂದು ಬಾಯಿ ತೆರೆದ ಕೂಡಲೇ ನಿಮ್ಮಲ್ಲಿ ಒಬ್ಬಳಿಗೆ ಬಾಯಾರಿಕೆಯಾಗುತ್ತದೆ, ಇನ್ನೊಬ್ಬನಿಗೆ ಹೋಮ್‌ವರ್ಕ್ ನೆನಪಾಗುತ್ತದೆ. ಎಲ್ಲ ಗೊತ್ತುಂಟು ನನಗೆ. ಇವತ್ತು ಯಾರೂ ಏಳುವ ಹಾಗಿಲ್ಲ. ಫ್ಯಾನು ಹಾಕಿಕೊಳ್ಳಿ, ನೀರು ಬೇಕಾದವರು ಈಗಲೇ ಕುಡಿಯಿರಿ, ಮತ್ತೆ ಸುಮ್ಮನೆ ಕೂತು ಕೇಳಿ.

ಆಗ ನನಗೆ ಎಂಟು ವರ್ಷ. ಆದಿತ್ಯವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಹೆಂಚಿನ ಶೆಡ್ಡಿನಲ್ಲಿ ಮಕ್ಕಳಿಗೆ ಧರ್ಮದ ಪಾಠ ಇರುತ್ತಿತ್ತು. ಹುಡುಗರಿಗೆ ಬೆಂಚು, ಹುಡುಗಿಯರಿಗೆ ಚಾಪೆ. ಕರಗಿದ ಮೇಣದ ವಾಸನೆ, ಬೆವರಿನ ವಾಸನೆ, ಅದರ ಮೇಲೆ ಪಕ್ಕದ ಮನೆಯಲ್ಲಿ ಹಂದಿಮಾಂಸಕ್ಕೆ ಮಸಾಲೆ ಹುರಿಯುವ ಪರಿಮಳ. ಹಸಿದ ಹೊಟ್ಟೆಯಲ್ಲಿ ಆ ಪರಿಮಳ ಕುಡಿಯುತ್ತಾ ದೇವರ ವಿಷಯ ಕಲಿಯುವುದೆಂದರೆ ಸಣ್ಣ ತಪಸ್ಸಲ್ಲ.

ಆ ವರ್ಷ ಒಂದು ಆದಿತ್ಯವಾರ ನಾನು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವುದಿತ್ತು. ನೀವು ಫಸ್ಟ್ ಕಮ್ಯುನಿಯನ್ ಅನ್ನುತ್ತೀರಲ್ಲ, ಅದೇ. ಅಮ್ಮ ಹಂಪನಕಟ್ಟೆ ಪೇಟೆಯಿಂದ ಬಿಳಿ ಬಟ್ಟೆ ತಂದು ಕೈಯಲ್ಲೇ ಫ್ರಾಕು ಹೊಲಿದಿದ್ದಳು. ಧೂಳು ಕೂರದಂತೆ ಹಳೆ ಬೆಡ್‌ಶೀಟು ಮುಚ್ಚಿ ಅದನ್ನು ಬಾಗಿಲ ಹಿಂದೆ ತೂಗುಹಾಕಿದ್ದಳು. ನಾನು ದಿನಕ್ಕೆ ಹತ್ತು ಸಲ ಬೆಡ್‌ಶೀಟು ಎತ್ತಿ ನೋಡುತ್ತಿದ್ದೆ. ಬಿಳಿ ಮುಸುಕು, ಕೈಯಲ್ಲಿ ಮೇಣದಬತ್ತಿ, ಬ್ಯಾಂಡಿನ ಹಿಂದೆ ಸಾಲು, ಆಮೇಲೆ ಎಲ್ಲರೂ ಸೇರಿ ಒಂದು ಫೋಟೊ. ನನ್ನ ಜೀವಮಾನದಲ್ಲಿ ಆವರೆಗೆ ಯಾರೂ ನನ್ನ ಫೋಟೊ ತೆಗೆದಿರಲಿಲ್ಲ. ಆ ದಿನಕ್ಕಾಗಿ ನಾನು ಎಷ್ಟು ಆಸೆಪಟ್ಟಿದ್ದೆನೋ, ಹೇಳಿದರೆ ನಿಮಗೆ ಅರ್ಥವಾಗುವುದಿಲ್ಲ.

ಅದಕ್ಕೆ ಒಂದು ವಾರ ಮೊದಲು, ಆದಿತ್ಯವಾರ ಬೆಳಿಗ್ಗೆ, ಧರ್ಮದ ಪಾಠದ ಟೀಚರ್ ಮನುಷ್ಯ ಹುಟ್ಟಿದ ಕಥೆ ಹೇಳಿದರು. ದೇವರು ಮಣ್ಣು ನಾದಿ ಆದಾಮನನ್ನು ಮಾಡಿ, ಮೂಗಿನಲ್ಲಿ ಉಸಿರು ಊದಿದರು. ಅವನಿಗೆ ಗಾಢ ನಿದ್ದೆ ಬರಿಸಿ, ಒಂದು ಪಕ್ಕೆಲುಬು ತೆಗೆದು ಹವ್ವಳನ್ನು ಮಾಡಿದರು. ಇಲ್ಲಿಯವರೆಗೆ ಸರಿ. ಆಮೇಲೆ ಟೀಚರ್ ತಾವೇ ಒಂದು ಮಾತು ಸೇರಿಸಿದರು. "ಅದಕ್ಕೇ ಇವತ್ತಿಗೂ ಗಂಡಸರಿಗೆ ಎಡಗಡೆ ಒಂದು ಪಕ್ಕೆಲುಬು ಕಡಿಮೆ. ಆ ಉಪಕಾರ ನೆನಪಿಟ್ಟುಕೊಂಡು ಹುಡುಗಿಯರು ತಗ್ಗಿ ನಡೆಯಬೇಕು."

ಬೆಂಚಿನ ಮೇಲಿದ್ದ ಹುಡುಗರೆಲ್ಲ ತಮ್ಮ ಎಡಪಕ್ಕೆ ಒತ್ತಿ ನೋಡಿಕೊಂಡು, ಚಾಪೆಯ ಮೇಲಿದ್ದ ನಮ್ಮತ್ತ ನಾಲಗೆ ಚಾಚಿದರು. ನನಗೆ ಮೈಯೆಲ್ಲಾ ಉರಿಯಿತು. ಎದ್ದು ನಿಂತು ಕೇಳಿಯೇಬಿಟ್ಟೆ.

"ಟೀಚರ್, ನೀವು ಎಣಿಸಿ ನೋಡಿದ್ದೀರಾ?"

ಹುಡುಗರು ಹೋ ಎಂದು ನಕ್ಕರು. ಟೀಚರ್ ಮುಖ ಕೆಂಪಾಯಿತು. ಅವರು ಕೆಟ್ಟವರಲ್ಲ ಮಕ್ಕಳೇ, ವರ್ಷಗಟ್ಟಲೆ ಸಂಬಳವಿಲ್ಲದೆ ನಮಗೆ ಪಾಠ ಮಾಡಿದವರು. ಆದರೆ ಆ ದಿನ ಬೆತ್ತದಿಂದ ಬಾಗಿಲು ತೋರಿಸಿದರು. "ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಫಾದರ್ ಎದುರು ಬಂದು ತಪ್ಪಾಯಿತು ಅನ್ನಬೇಕು. ಇಲ್ಲದಿದ್ದರೆ ಮುಂದಿನ ವಾರ ನೀನು ಸಾಲಿನಲ್ಲಿ ನಿಲ್ಲಲಿಕ್ಕಿಲ್ಲ."

ಮನೆಗೆ ಬಂದು ಹೇಳಿದಾಗ ಅಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. "ಒಂದು ಮಾತು ಹೇಳಿದರೆ ನಿನ್ನ ಗಂಟೇನು ಹೋಗ್ತದೆ ಮಾರಾಯ್ತಿ? ಹೇಳಿ ಮುಗಿಸು." ಅಪ್ಪ ನದಿ ದಂಡೆಯ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಒತ್ತುವ ಮಿಶಿನಿನ ಮುಂದೆ ದಿನವಿಡೀ ನಿಲ್ಲುವ ಮನುಷ್ಯ, ಮಾತು ಕಡಿಮೆ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿದ ಕಥೆ ಬಂದಾಗ ಮಾತ್ರ, "ಹದ ಸಿಕ್ಕಬೇಕಾದರೆ ಎಷ್ಟು ಸಲ ನಾದಿದ್ದನೋ" ಎಂದು ದೇವರ ಮೇಲೆ ಮರುಕಪಡುತ್ತಿದ್ದ. ಅವನು ಅಕ್ಕನಿಗೆಂದು ಕಟ್ಟಿದ್ದ ಊಟದ ಕ್ಯಾರಿಯರ್ ಎತ್ತಿಕೊಂಡು, "ಬಾ, ಅಕ್ಕನಲ್ಲಿಗೆ ಹೋಗುವ" ಎಂದ.

ಅಕ್ಕ ಆಗ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಆದಿತ್ಯವಾರ ಮಧ್ಯಾಹ್ನ ಮಾತ್ರ ಹಾಸ್ಟೆಲಿಗೆ ಮನೆಯವರು ಹೋಗಬಹುದಿತ್ತು. ಹಂಪನಕಟ್ಟೆಯಲ್ಲಿ ಬಸ್ಸಿಳಿದು ಸುಡು ಬಿಸಿಲಿನಲ್ಲಿ ನಡೆದೆವು. ಗಂಡಸರಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಅಪ್ಪ ಹೊರಗೆ ಮರದ ನೆರಳಿನಲ್ಲಿ ಕೂತ. ನಾನು ಕ್ಯಾರಿಯರ್ ಹಿಡಿದು ಒಳಗೆ ಓಡಿ, ಉಸಿರು ಬಿಡದೆ ಅಕ್ಕನಿಗೆ ಎಲ್ಲ ಒದರಿದೆ.

ಅಕ್ಕ ನಗಲಿಲ್ಲ. ಅಮ್ಮ ಕಳಿಸಿದ ಸನ್ನಾ, ನಮ್ಮ ಹುಳಿ ಇಡ್ಲಿ, ಮುರಿದು ಸಾರಿಗೆ ಅದ್ದುತ್ತಿದ್ದವಳು ಕೈ ತೊಳೆದುಕೊಂಡು ಎದ್ದಳು. ಆ ವಾರ ಶರೀರಶಾಸ್ತ್ರದ ಕೋಣೆ ಗುಡಿಸುವ ಸರದಿ ಅವಳದು, ಬೀಗದಕೈ ಅವಳ ಹತ್ತಿರವೇ ಇತ್ತು. "ಬಾ. ಎಣಿಸುವ."

ಕೋಣೆಯಲ್ಲಿ ಮೂಗಿಗೆ ಹೊಡೆಯುವ ಔಷಧಿಯ ವಾಸನೆ. ಮೂಲೆಯಲ್ಲಿ ಕಬ್ಬಿಣದ ಕೊಕ್ಕೆಗೆ ಒಂದು ಅಸ್ಥಿಪಂಜರ ನೇತಾಡುತ್ತಿತ್ತು, ನಿಜವಾದ ಮನುಷ್ಯನದು. "ಇದು ಗಂಡಸಿನದ್ದಾ?" ಎಂದು ಕೇಳಿದೆ. "ಗಂಡಸಿನದ್ದೇ. ಸೊಂಟದ ಎಲುಬು ನೋಡಿದರೆ ಗೊತ್ತಾಗ್ತದೆ," ಎಂದಳು ಅಕ್ಕ. ನಾನು ಸ್ಟೂಲ್ ಹತ್ತಿ ಎದೆಯ ಕಡೆಯಿಂದ, ಎಡಗಡೆ ಎಣಿಸಿದೆ. ಹತ್ತು. ಮತ್ತೆ ಎಣಿಸಿದೆ. ಹನ್ನೊಂದು. ಹಾಗಾದರೆ ಟೀಚರ್ ಹೇಳಿದ್ದೇ ಸರಿ, ಹುಡುಗರು ನಾಲಗೆ ಚಾಚಿದ್ದೂ ಸರಿ.

"ಬೆನ್ನಿನ ಕಡೆಯಿಂದ ಎಣಿಸು ಪೆದ್ದಿ," ಎಂದಳು ಅಕ್ಕ. "ಕೆಳಗಿನ ಎಲುಬುಗಳು ಮುಂದೆ ಬಂದು ಸೇರುವುದೇ ಇಲ್ಲ."

ಬೆನ್ನಿನ ಹಿಂದೆ ಹೋಗಿ, ಒಂದೊಂದನ್ನೇ ಬೆರಳಿನಿಂದ ಮುಟ್ಟಿ ಎಣಿಸಿದೆ. ಎಡಕ್ಕೆ ಹನ್ನೆರಡು, ಬಲಕ್ಕೆ ಹನ್ನೆರಡು. ಒಟ್ಟು ಮೂರು ಸಲ ಎಣಿಸಿದೆ. ಕೋಣೆಯಲ್ಲೇ ಕುಣಿದುಬಿಟ್ಟೆ!

ಕುಣಿದು ಮುಗಿದ ಮೇಲೆ ಮಾತ್ರ ಆ ಮನುಷ್ಯನ ಮುಖ ನೋಡಿದೆ. ಇವನು ಯಾರು ಎಂದು ಕೇಳಿದೆ. ಅಕ್ಕನಿಗೂ ಗೊತ್ತಿರಲಿಲ್ಲ. ಸತ್ತಾಗ ಯಾರೂ ಕೇಳಿಕೊಂಡು ಬರದವನು, ಅಷ್ಟೇ. ನನಗೆ ಹೊಸ ಚಿಂತೆ ಹತ್ತಿತು. ಲೋಕದ ಕೊನೆಯ ದಿನ ಸತ್ತವರೆಲ್ಲ ಎದ್ದು ಬರುತ್ತಾರೆ ಎಂದು ನಮಗೆ ಕಲಿಸಿದ್ದರಲ್ಲ. ಇವನಿಗೆ ಸಮಾಧಿಯೇ ಇಲ್ಲ, ಎಲುಬುಗಳನ್ನು ತಂತಿಯಲ್ಲಿ ಕಟ್ಟಿದ್ದಾರೆ. ಇವನು ಹೇಗೆ ಏಳುತ್ತಾನೆ?

"ಬರೀ ಮಣ್ಣಿನಿಂದ ಮನುಷ್ಯನನ್ನು ಮಾಡಿದವನಿಗೆ ಇಷ್ಟು ಎಲುಬು ಸಿಕ್ಕಿದರೆ ಸಾಕಾಗುವುದಿಲ್ವಾ?" ಎಂದಳು ಅಕ್ಕ. ಆಮೇಲೆ ಮೆಲ್ಲನೆ, "ನಾನು ಗುಡಿಸಲು ಬಂದಾಗಲೆಲ್ಲ ಇವನಿಗೆ ಒಂದು ಪ್ರಾರ್ಥನೆ ಹೇಳ್ತೇನೆ," ಎಂದಳು. ಇಬ್ಬರೂ ನಿಂತು ಹೇಳಿದೆವು. ಸಾವಿನ ಹೆದರಿಕೆ ನನಗೆ ಅರ್ಧ ಹೋದದ್ದು ಆ ಕೋಣೆಯಲ್ಲೇ.

ಹಿಂದಿರುಗುವಾಗ ಬೇರೊಂದು ಹೆದರಿಕೆ ಹಿಡಿಯಿತು. ಎಲುಬು ಕಡಿಮೆ ಇಲ್ಲವೆಂದರೆ ಬೈಬಲ್ ಸುಳ್ಳಾಗುತ್ತದೆಯಾ? ಅಪ್ಪನಲ್ಲಿ ಕೇಳಿದೆ. ಅವನು ಚರ್ಚಿನ ಬಾಗಿಲಿನವರೆಗೂ ಯೋಚಿಸುತ್ತಾ ಬಂದು, "ನೋಡುವ," ಎಂದಷ್ಟೇ ಹೇಳಿದ.

ಜಪಸರ ಮುಗಿಯಿತು. ಮೆಟ್ಟಿಲಿನ ಮೇಲೆ ಫಾದರ್, ಪಕ್ಕದಲ್ಲಿ ಟೀಚರ್, ಸುತ್ತ ಅರ್ಧ ಊರು. ಅಮ್ಮ ಬೆನ್ನಿಗೆ ತಿವಿದಳು. ನಾನು ಮುಂದೆ ಹೋದೆ.

"ಎಣಿಸಿದೆ ಟೀಚರ್. ಎಡಕ್ಕೂ ಹನ್ನೆರಡು, ಬಲಕ್ಕೂ ಹನ್ನೆರಡು. ಗಂಡಸಿನದ್ದೇ."

"ಹಾಗಾದರೆ ಬೈಬಲ್ ಸುಳ್ಳು ಹೇಳ್ತದೆ ಅಂತ ನಿನ್ನ ಮಾತಾ?" ಟೀಚರ್ ಸ್ವರ ನಡುಗುತ್ತಿತ್ತು.

ನಾನು ಅಪ್ಪನತ್ತ ತಿರುಗಿ ನೋಡಿದೆ. ಆಗ ಅಪ್ಪ ಮುಂದೆ ಬಂದ. ಚರ್ಚಿನಲ್ಲಿ ಯಾವತ್ತೂ ಕೊನೆಯ ಕಂಬದ ಹತ್ತಿರ ನಿಲ್ಲುವ ಅಪ್ಪ! ಫಾದರ್ ಎದುರು ತನ್ನ ಬಲಗೈ ಎತ್ತಿ ಹಿಡಿದ. ಅದರಲ್ಲಿ ತೋರುಬೆರಳಿಲ್ಲ. ಇದನ್ನು ನಿಮಗೆ ಮೊದಲೇ ಹೇಳಲಿಲ್ಲ, ಯಾಕೆಂದರೆ ನಮಗೆ ಅದು ಸುದ್ದಿಯೇ ಆಗಿರಲಿಲ್ಲ. ಹೆಂಚಿನ ಕೆಲಸದವರಲ್ಲಿ ಹತ್ತೂ ಬೆರಳು ಉಳಿಸಿಕೊಂಡವರನ್ನೇ ನಾವು ಬೆರಗಿನಿಂದ ನೋಡುತ್ತಿದ್ದೆವು.

"ಬೇಸರ ಮಾಡಬೇಡಿ ಫಾದರ್," ಎಂದ ಅಪ್ಪ. "ಈ ಬೆರಳು ಮಿಶಿನಿಗೆ ಸಿಕ್ಕಿ ಹೋದದ್ದು ಇವಳು ಹುಟ್ಟುವ ಮೊದಲು. ಇವಳ ಕೈ ನೋಡಿ, ಹತ್ತೂ ಉಂಟು. ದೇವರು ಆದಾಮನ ಎಲುಬು ತೆಗೆದದ್ದು ನಿಜ. ಹೋದದ್ದು ಆದಾಮನದ್ದು. ಅವನ ಮಕ್ಕಳಿಗೆ ಯಾಕೆ ಕಡಿಮೆ ಆಗ್ಬೇಕು? ಬೈಬಲಿನಲ್ಲಿ ಹಾಗೆ ಎಲ್ಲಿ ಬರೆದುಂಟು?"

ಫಾದರ್ ನನ್ನ ಕೈ ಹಿಡಿದು ಬೆರಳುಗಳನ್ನು ನಿಜವಾಗಿಯೂ ಎಣಿಸಿದರು. ಆಮೇಲೆ ಅವರ ಹೊಟ್ಟೆ ಕುಲುಕಿ ಕುಲುಕಿ ನಗು ಬಂತು. "ಬರೆದಿಲ್ಲ," ಎಂದರು. "ಎಲ್ಲಿಯೂ ಬರೆದಿಲ್ಲ."

ಜನ ನಕ್ಕರು. ಟೀಚರ್ ಕಣ್ಣಲ್ಲಿ ನೀರು ತುಂಬಿತು. ಅದನ್ನು ನೋಡಿ ಫಾದರ್ ನಗು ನಿಲ್ಲಿಸಿ ನನ್ನತ್ತ ತಿರುಗಿದರು. "ಆದರೂ ಮಗು, ಟೀಚರಿಗೆ ಎದುರು ಮಾತಾಡಿದ್ದಕ್ಕೆ ತಪ್ಪಾಯಿತು ಅನ್ನು. ಇಲ್ಲಿಗೇ ಮುಗಿಸುವ."

ಎಲ್ಲರೂ ಕಾಯುತ್ತಿದ್ದರು. ಬಾಗಿಲ ಹಿಂದಿನ ಬಿಳಿ ಫ್ರಾಕು ನನ್ನ ಕಣ್ಣೆದುರಿಗೇ ಇತ್ತು. ಒಂದೇ ಒಂದು ಮಾತು ಸಾಕಿತ್ತು.

"ನಾನು ಎದುರು ಮಾತಾಡಲಿಲ್ಲ ಫಾದರ್. ಕೇಳಿದ್ದು," ಎಂದೆ. "ಕೇಳಿದ್ದಕ್ಕೆ ತಪ್ಪಾಯಿತು ಅಂತ ಹೇಳುವುದಿಲ್ಲ."

ಹೇಳಲಿಲ್ಲ. ಮುಂದಿನ ಆದಿತ್ಯವಾರ ಬ್ಯಾಂಡು ಬಾರಿಸಿತು, ಸಾಲು ಹೋಯಿತು, ಫೋಟೊ ತೆಗೆದರು. ನಾನು ಕೊನೆಯ ಕಂಬದ ಹತ್ತಿರ ಅಪ್ಪನ ಪಕ್ಕ ನಿಂತು ನೋಡಿದೆ. ಅತ್ತೆನಾ ಎಂದು ಕೇಳಬೇಡಿ. ಅಮ್ಮನ ಸೆರಗು ಒದ್ದೆಯಾಗುವಷ್ಟು ಅತ್ತೆ. ಎರಡು ವಾರ ಕಳೆದು ಒಂದು ಬುಧವಾರ ಮುಂಜಾನೆ, ನಾಲ್ಕೈದು ಮುದುಕಿಯರ ನಡುವೆ, ನನಗೊಬ್ಬಳಿಗೇ ಫಾದರ್ ಪರಮಪ್ರಸಾದ ಕೊಟ್ಟರು. ಅಪ್ಪ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಹಾಗಾಗಿ ಆ ದಿನದ ಫೋಟೊ ನನ್ನಲ್ಲಿಲ್ಲ. ಇಲ್ಲದಿದ್ದರೆ ಇಲ್ಲ, ಹೋಗಲಿ!

ಈಗ ನಿಮ್ಮ ಕಾಲ. ಶಕ್ತಿನಗರದ ಈ ಫ್ಲ್ಯಾಟಿನಲ್ಲಿ ಕೂತು, ಮನುಷ್ಯನಿಗೆ ಎಷ್ಟು ಎಲುಬು ಎಂದು ಫೋನಿಗೆ ಕೇಳಿದರೆ ಅದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೇಳುತ್ತದೆ. ನಿಮ್ಮ ಪಾಠದ ಕೋಣೆಯಲ್ಲಿ ಹುಡುಗಿಯರಿಗೂ ಬೆಂಚುಂಟು, ಬೆತ್ತವಿಲ್ಲ. ಬಹಳ ಒಳ್ಳೆಯದಾಯಿತು. ನಾನು ಸಂತೋಷಪಡಬೇಕು, ಅಲ್ವಾ?

ಆದರೆ ಮಗಳೇ, ಕಳೆದ ಆದಿತ್ಯವಾರ ನೀನು ಧರ್ಮದ ಪಾಠದಿಂದ ಅಳು ನುಂಗಿಕೊಂಡು ಬಂದೆ. ಕೆಳಗಿನ ಫ್ಲ್ಯಾಟಿನ ಬ್ಯಾರಿ ಮುಸ್ಲಿಮರ ಮನೆಯ ಹುಡುಗಿ, ನಿನ್ನ ಜೀವದ ಗೆಳತಿ, ಸತ್ತ ಮೇಲೆ ನಿನ್ನ ಜೊತೆ ಸ್ವರ್ಗಕ್ಕೆ ಬರುವುದಿಲ್ಲ ಎಂದು ಕ್ಲಾಸಿನಲ್ಲಿ ಯಾರೋ ಹೇಳಿದರಂತೆ. ನೀನು ಎದ್ದು ಪಾಠದ ಮಿಸ್ ಹತ್ತಿರ ಕೇಳಿದೆಯಂತೆ: "ನಮ್ಮಿಬ್ಬರನ್ನೂ ಆದಾಮನ ಮಕ್ಕಳು ಅಂತೀರಿ. ಹುಟ್ಟಿದ್ದು ಒಂದೇ ಕಡೆಯಿಂದ ಆದರೆ ಹೋಗುವುದು ಯಾಕೆ ಬೇರೆ ಕಡೆ?" ಮಿಸ್ ನಿನ್ನ ಅಮ್ಮನಿಗೆ ಮೆಸೇಜು ಹಾಕಿದರು, ಮಗಳು ವಾದ ಮಾಡುತ್ತಾಳೆ ಎಂದು. ನಿನ್ನ ಅಮ್ಮ ಅಡುಗೆಮನೆಯಲ್ಲಿ ನಿಂತುಕೊಂಡೇ ಕೈಮುಗಿಯುವ ಚಿತ್ರದ ಜೊತೆ "ಸಾರಿ ಮಿಸ್" ಎಂದು ಒತ್ತಿ ಕಳಿಸಿದಳು. ನಾನು ನೋಡಿದೆ. ರಕ್ತ ಕುದಿಯಿತು.

ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಮಿಸ್‌ಗೆ ಗೊತ್ತಿರಬಹುದು, ಇಲ್ಲದಿರಬಹುದು, ಅವರೂ ಹೋಗಿ ಹುಡುಕಲಿ. ಆದರೆ ಕೇಳಿದವಳು ನೀನು. ನಿನ್ನ ಪರವಾಗಿ ಸಾರಿ ಹೇಳುವ ಹಕ್ಕು ಯಾರಿಗೂ ಇಲ್ಲ, ನಿನ್ನ ಅಮ್ಮನಾದ ನನ್ನ ಸ್ವಂತ ಮಗಳಿಗೂ ಇಲ್ಲ.

ಬರುವ ಆದಿತ್ಯವಾರ ನಾನೂ ನಿನ್ನ ಜೊತೆ ಕ್ಲಾಸಿಗೆ ಬರ್ತೇನೆ. ಕೊನೆಯ ಬೆಂಚಿನಲ್ಲಿ ಕೂತಿರ್ತೇನೆ, ಏಳಿಸುವ ಧೈರ್ಯ ಯಾರಿಗುಂಟೋ ನೋಡುವ. ನೀನು ಎದ್ದು ನಿಂತು ಅದೇ ಪ್ರಶ್ನೆ ಮತ್ತೆ ಕೇಳಬೇಕು. ಗಟ್ಟಿಯಾಗಿ ಕೇಳು ಮಗಳೇ, ನಿನ್ನ ಅಜ್ಜಿಗೆ ಈಗ ಕಿವಿ ಸ್ವಲ್ಪ ಮಂದ.